ಗಸಿ ತಿಂದವಳ ಕೊಲೆಸ್ಟ್ರಾಲ್

ಪಾತ್ರೆಯನ್ನು ತೊಳೆಯಲು ಹಾಕುವ ಮುಂಚೆ ಅದರೊಳಗೆ ಒಮ್ಮೆ ಬೆರಳಾಡಿಸುವ ಅಭ್ಯಾಸ ನಿಮಗೂ ಇದೆಯೋ ಏನೋ. ನನಗಂತೂ ಇದೆ. ಪಾಯಸದ ಪಾತ್ರೆಯಾದರೆ ತೋರುಬೆರಳು, ಚಟ್ನಿಯ ಮಿಕ್ಸಿ ಜಾರಾದರೆ ಚಮಚದ ಹಿಂಬದಿ, ಹಾಲಿನ ಪಾತ್ರೆಯಾದರೆ ಅಂಚಿಗೆ ಒಣಗಿ ಅಂಟಿದ ಕೆನೆಯನ್ನು ಎಬ್ಬಿಸಲು ಉಗುರು. ಇದನ್ನು ನಾನು ಯಾವತ್ತೂ ತಿನ್ನುವುದು ಎಂದುಕೊಂಡವಳೇ ಅಲ್ಲ. ತಿನ್ನುವುದು ಎಂದರೆ ತಟ್ಟೆ ಹಾಕಿಕೊಂಡು ಕೂತು ತಿನ್ನುವುದು. ಸಿಂಕಿನ ಮುಂದೆ ನಿಂತು, ನಲ್ಲಿ ಬಿಡುವ ಮುಂಚೆ ಬಾಯಿಗೆ ಹೋದದ್ದು ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದು.

ನನ್ನನ್ನು ನೋಡಿದರೆ ಕೊಬ್ಬಿಗೂ ನನಗೂ ಪರಿಚಯವೇ ಇಲ್ಲ ಅನ್ನುತ್ತೀರಿ. ನಮ್ಮ ಬೀದಿಯ ಟೈಲರ್ ನನ್ನ ರವಿಕೆಯ ಅಳತೆ ಬರೆದುಕೊಂಡ ಪುಸ್ತಕವನ್ನು ತೆಗೆಯುವುದೇ ಇಲ್ಲ. "ಹಳೇದೇ ಅಲ್ವಾ ಮೇಡಂ" ಅಂತ ಬಟ್ಟೆ ಮಡಿಸಿ ಒಳಗಿಡುತ್ತಾನೆ. ನಾದಿನಿ ಸುಮಕ್ಕನ ಮಾತಿನಲ್ಲಿ ಹೇಳುವುದಾದರೆ ನಾನು "ಗಾಳಿಗೆ ಹಾರೋ ಪೈಕಿ". ಹೀಗಿದ್ದೂ ಈಗ ನನ್ನ ಹೆಸರಲ್ಲಿ ಒಂದು ಆಸ್ಪತ್ರೆಯ ಫೈಲಿದೆ, ದಿನಕ್ಕೊಂದು ಮಾತ್ರೆ ಇದೆ. ಆ ಮಾತ್ರೆಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳೋಣವೆಂದೇ ಬರೆಯಲು ಕೂತಿದ್ದೇನೆ.

ಕೊಲೆಸ್ಟ್ರಾಲ್ ಎಂಬ ಮಾತು ನಮ್ಮ ಮನೆಗೆ ಮೊದಲು ಬಂದದ್ದು ನಮ್ಮವರ ಜೇಬಿನಲ್ಲಿ. ಅವರು ನಾವಿರುವ ತುಮಕೂರಿನ ಹೊರಗೆ, ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ವರ್ಷಕ್ಕೊಂದು ಸಲ ಅಲ್ಲಿ ಎಲ್ಲರ ರಕ್ತ ತೆಗೆದು ನೋಡುತ್ತಾರೆ. ಎರಡು ವರ್ಷದ ಹಿಂದೆ ನಾಲ್ಕಾಗಿ ಮಡಿಸಿದ ರಿಪೋರ್ಟನ್ನು ಊಟದ ಮೇಜಿನ ಮೇಲಿಟ್ಟು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕೂತರು. ಆ ಹಾಳೆಯಲ್ಲಿ ಸರಿಯಿದ್ದ ಅಂಕಿಗಳು ಸಣ್ಣ ಅಕ್ಷರದಲ್ಲೂ ಸರಿಯಿಲ್ಲದವು ದಪ್ಪ ಅಕ್ಷರದಲ್ಲೂ ಇದ್ದವು. ಕೊಲೆಸ್ಟ್ರಾಲ್ ದಪ್ಪಗಿತ್ತು.

"ಇನ್ನೂ ಮಾತ್ರೆ ಬೇಡವಂತೆ. ಊಟ ನೋಡ್ಕೊಳ್ಳಿ, ವಾಕಿಂಗ್ ಮಾಡಿ ಅಂದವ್ರೆ" ಅಂದರು.

ಅಷ್ಟು ಸಾಕಾಯಿತು ನನಗೆ. ಮರುದಿನದಿಂದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮನೆಗೆ ಬರುವುದು ನಿಂತಿತು, ಅದರ ಮೇಲಿನ ಬೆಣ್ಣೆಯ ಉಂಡೆಯಂತೂ ಕನಸಿಗೂ ಬರದ ಹಾಗೆ ನಿಂತಿತು. ಕಾಯಿಚಟ್ನಿಯ ಜಾಗಕ್ಕೆ ಅಗಸೆ ಬೀಜದ ಚಟ್ನಿಪುಡಿ. ಹಪ್ಪಳವನ್ನು ಎಣ್ಣೆಯಲ್ಲಿ ಕರಿಯುವ ಬದಲು ಗ್ಯಾಸಿನ ಉರಿಯಲ್ಲಿ ಸುಟ್ಟು ಕೊಟ್ಟೆ. ಮುದ್ದೆಗೆ ತುಪ್ಪ ಇಲ್ಲ. ಹಾಲಿನ ಕೆನೆಯನ್ನು ತೆಗೆದು ತೆಗೆದು ಕಾಫಿ ನೀಲಿ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಆರಕ್ಕೆ ಅವರನ್ನು ಅಮಾನಿಕೆರೆಯ ಸುತ್ತ ನಡೆಯಲು ಅಟ್ಟುತ್ತಿದ್ದೆ. ಅವರು ಪಾಪ, ಮರುಮಾತಾಡದೆ ಹೋಗಿಬಂದು, ಅಗಸೆ ಬೀಜವನ್ನು ಹಸುವಿನ ಹಾಗೆ ನಿಧಾನಕ್ಕೆ ಅಗಿಯುತ್ತಿದ್ದರು.

ಸರಿ, ಅವರ ತಟ್ಟೆಯಿಂದ ಒಂದೊಂದೇ ಇಳಿಯಿತಲ್ಲ, ಇಳಿದದ್ದು ಎಲ್ಲಿಗೆ ಹೋಗಬೇಕು? ಸೋಮವಾರ ದೇವರಿಗೆ ಒಡೆದ ಕಾಯಿ ಇರುತ್ತದೆ. ತೆಗೆದ ಕೆನೆ ಬಟ್ಟಲು ತುಂಬಾ ಇರುತ್ತದೆ, ಅದರ ಬೆಣ್ಣೆ ಕಾಯಿಸಿದ ಬಾಣಲೆಯ ತಳದಲ್ಲಿ ಗಸಿ ಇರುತ್ತದೆ. ಅಕ್ಕಪಕ್ಕದವರು ಕೊಟ್ಟ ಒಬ್ಬಟ್ಟು ಇರುತ್ತದೆ. ಗುಬ್ಬಿಯಿಂದ ಅಮ್ಮ ತಿಂಗಳಿಗೊಂದು ಬಾಟಲಿ ಕಳಿಸುವ ತುಪ್ಪ ಇರುತ್ತದೆ. ಎಸೆಯಲು ನನ್ನಿಂದ ಆಗುವುದಿಲ್ಲ. ಇದಕ್ಕೆ ಅರ್ಧ ಕಾರಣ ನಮ್ಮಮ್ಮ, ಇನ್ನರ್ಧ ಕಾರಣ ತುಮಕೂರಿನ ಕಾನ್ವೆಂಟು.

ಚಿಕ್ಕವಳಿದ್ದಾಗ ನಾನು ಗುಬ್ಬಿಯಿಂದ ದಿನವೂ ರೈಲಿನಲ್ಲಿ ಕಾನ್ವೆಂಟಿಗೆ ಬರುತ್ತಿದ್ದೆ. ಗುಬ್ಬಿಯ ಮೇಷ್ಟ್ರ ಮಗಳು ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳುತ್ತಾಳೆ ಎಂದು ಅಪ್ಪನಿಗೆ ಹೆಮ್ಮೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಸಿಸ್ಟರ್ ಸಾಲುಗಳ ನಡುವೆ ಓಡಾಡುತ್ತಿದ್ದರು. ಅವರ ಬಿಳಿ ಬಟ್ಟೆಗೆ ಗಂಜಿ ಹಾಕಿರುತ್ತಿದ್ದುದರಿಂದ ನಡೆದರೆ ಒಣಗಿದ ಎಲೆಯ ಸದ್ದಾಗುತ್ತಿತ್ತು. ಆ ಸದ್ದು ಹಿಂದಿನಿಂದ ಬಂದರೆ ನಾವು ಡಬ್ಬಿಯನ್ನು ಓರೆ ಮಾಡಿ ತೋರಿಸಬೇಕು. ಒಂದು ಅಗುಳು ಇದ್ದರೂ, "ಯಾರೋ ಹಸಿದ ಮಗುವಿನ ಊಟ ಅದು, ಗೊತ್ತಾ?" ಎಂದು ಎಷ್ಟು ಮೆಲ್ಲಗೆ ಕೇಳುತ್ತಿದ್ದರೆಂದರೆ, ಬೈದಿದ್ದರೇ ವಾಸಿಯಿತ್ತು. ಆ ಹಸಿದ ಮಗುವಿನ ಮುಖ ನನಗೆ ಕಾಣಿಸಿಯೇಬಿಡುತ್ತಿತ್ತು. ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನಾನು ತಿಂದರೆ ಆ ಮಗುವಿನ ಹೊಟ್ಟೆ ಹೇಗೆ ತುಂಬುತ್ತದೆ ಎಂದು ಕೇಳುವ ಬುದ್ಧಿ ಅವತ್ತೂ ಇರಲಿಲ್ಲ, ಐವತ್ತೆರಡು ತುಂಬಿದ ಮೇಲೂ ಬಂದಿಲ್ಲ.

ಮನೆಗೆ ಬಂದರೆ ಅಮ್ಮನದು ಅದೇ ಪಾಠ, ಆದರೆ ರುಚಿಯಾದ ಪಾಠ. ಅಮ್ಮ ಬೆಣ್ಣೆ ಕಾಯಿಸುವ ದಿನ ನಾನು ಸ್ಟೇಷನ್ನಿನಿಂದ ಓಡುತ್ತಲೇ ಬರುತ್ತಿದ್ದೆ. ಬೆಣ್ಣೆ ನೊರೆಯಾಗಿ ಉಕ್ಕಿ, ಸದ್ದು ಇಳಿದು, ತಿಳಿಯಾಗುವ ಹೊತ್ತಿಗೆ ಅಮ್ಮ ಒಂದು ವೀಳ್ಯದೆಲೆ ಬಿಡುತ್ತಿದ್ದಳು. ತುಪ್ಪವನ್ನು ಬಗ್ಗಿಸಿಕೊಂಡ ಮೇಲೆ ತಳದಲ್ಲಿ ಕಂದು ಬಣ್ಣದ ಗಸಿ ಉಳಿಯುತ್ತದಲ್ಲ, ಅದಕ್ಕೆ ರಾಗಿ ಹುರಿಹಿಟ್ಟು, ಪುಡಿ ಮಾಡಿದ ಬೆಲ್ಲ ಹಾಕಿ, ಬಿಸಿ ಬಾಣಲೆಯಲ್ಲೇ ಕಲಸಿ ಎರಡು ಉಂಡೆ ಕಟ್ಟುತ್ತಿದ್ದಳು. ಒಂದು ನನಗೆ, ಒಂದು ಅಪ್ಪನಿಗೆ. ಅಪ್ಪ ತನ್ನ ಉಂಡೆಯಲ್ಲಿ ಅರ್ಧ ತಿಂದು, "ಯಾಕೋ ಹೊಟ್ಟೆ ತುಂಬೋಯ್ತು ಕಣಮ್ಮ" ಎಂದು ಉಳಿದರ್ಧವನ್ನು ನನ್ನ ಕೈಗೆ ದಾಟಿಸುತ್ತಿದ್ದರು. ಅಂಗಳದಲ್ಲಿ ಆಡುತ್ತಿದ್ದ ನನ್ನ ತಮ್ಮ ಮಂಜುಗೆ ಈ ವ್ಯವಹಾರದ ಸುಳಿವೇ ಇರಲಿಲ್ಲ.

ಅಪ್ಪ ಐವತ್ಮೂರಕ್ಕೆ ಹೋದರು. ಶಾಲೆಯಲ್ಲಿ, ಹಲಗೆಯ ಮೇಲೆ ಅರ್ಧ ಲೆಕ್ಕ ಬರೆದವರು ಕುರ್ಚಿಗೆ ಬಂದು ಕೂತರಂತೆ, ಅಷ್ಟೆ. ನಾನಾಗ ಕೊನೆಯ ವರ್ಷದ ಬಿ.ಎ. ಸಾವಿನ ಮನೆಗೆ ಬಂದ ಹೆಂಗಸರಲ್ಲಿ ಯಾರೋ ಒಬ್ಬರು, "ಇವ್ಳು ಆ ಪಾಟಿ ತುಪ್ಪ ಸುರಿದ್ರೆ ಗುಂಡಿಗೆ ಎಲ್ಲಿ ಉಳೀತದೆ" ಅಂದದ್ದು ಗೋಡೆಗೊರಗಿ ಕೂತಿದ್ದ ಅಮ್ಮನ ಕಿವಿಗೂ ಬಿತ್ತು, ನನ್ನ ಕಿವಿಗೂ ಬಿತ್ತು. ಅಮ್ಮ ತಲೆ ಎತ್ತಲಿಲ್ಲ. ಆ ಮಾತನ್ನು ನಾವಿಬ್ಬರೂ ಮತ್ತೆ ಯಾವತ್ತೂ ಎತ್ತಲಿಲ್ಲ.

ಹೋದ ವರ್ಷ ಫ್ಯಾಕ್ಟರಿಯವರು ಮನೆಯವರ ರಕ್ತವನ್ನೂ ನೋಡುತ್ತೇವೆಂದರು. ಎರಡು ರಿಪೋರ್ಟು ಒಟ್ಟಿಗೆ ಬಂದವು. ನಮ್ಮವರ ಅಂಕಿಗಳೆಲ್ಲ ಸಣ್ಣ ಅಕ್ಷರಕ್ಕೆ ಇಳಿದಿದ್ದವು. ನನ್ನವು ದಪ್ಪಗೆ, ಪಕ್ಕದಲ್ಲೊಂದು ಚುಕ್ಕೆ ಬೇರೆ. ಹೆಸರು ಅದಲುಬದಲಾಗಿರಬೇಕು ಎಂದುಕೊಂಡೇ ಡಾಕ್ಟರ ಹತ್ತಿರ ಹೋದೆವು. ನಮ್ಮ ಡಾಕ್ಟರಮ್ಮ ಇಲ್ಲಿಯವರೇ, ನನಗಿಂತ ಐದಾರು ವರ್ಷ ಚಿಕ್ಕವರು.

"ಏನೇನು ತಿಂತೀರಾ ಅಮ್ಮ?" ಅಂತ ಕೇಳಿದರು.

"ನಾನೇನೂ ತಿನ್ನಲ್ಲ ಡಾಕ್ಟ್ರೇ."

"ಹೌದು ಡಾಕ್ಟ್ರೇ, ಅವಳು ತಿನ್ನೋದನ್ನ ನಾನೂ ನೋಡಿಲ್ಲ" ಎಂದು ನಮ್ಮವರು ಬಲು ಪ್ರಾಮಾಣಿಕವಾಗಿ ಸಾಕ್ಷಿ ನುಡಿದರು.

ಡಾಕ್ಟರಮ್ಮ ಪೆನ್ನಿನ ಕ್ಯಾಪು ಹಾಕಿ, ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ಪಾತ್ರೆ ತಳ ಯಾರು ಬಳೀತಾರೆ?"

ನನಗೆ ನಗು ಬಂತು, ಹಿಂದೆಯೇ ನಾಚಿಕೆ ಬಂತು. ಕಾಯಿ, ಕೆನೆ, ಒಬ್ಬಟ್ಟು, ಗಸಿ, ಎಲ್ಲವನ್ನೂ ಒಪ್ಪಿಸಿಬಿಟ್ಟೆ. ನಮ್ಮವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. "ಅಲ್ಲ ಕಣೇ, ಇಷ್ಟೆಲ್ಲ ನಮ್ಮನೇಲೇ ಇತ್ತಾ? ನಂಗೆ ಅಗಸೆ ಬೀಜ ಹಾಕ್ಬಿಟ್ಟು!"

ಡಾಕ್ಟರಮ್ಮನೂ ನಕ್ಕರು. ಆಮೇಲೆ, ಮನೆಯಲ್ಲಿ ಯಾರಿಗಾದರೂ ಹಾರ್ಟಿನ ತೊಂದರೆ ಇತ್ತಾ ಅಂದರು. ಅಪ್ಪನ ವಿಷಯ ಹೇಳಿದೆ, ವಯಸ್ಸು ಹೇಳಿದೆ. ಅವರ ನಗು ಅಲ್ಲಿಗೆ ನಿಂತಿತು.

"ನೋಡಿ ಅಮ್ಮ, ತಳ ಬಳಿಯೋದು ನಿಲ್ಸಿ, ನಡೀರಿ, ಅದೆಲ್ಲ ಬೇಕು. ಆದ್ರೆ ಇಷ್ಟು ಜಾಸ್ತಿ ಬಂದಿರೋದು ಬರೀ ಊಟದಿಂದ ಅಲ್ಲ. ನಿಮ್ಮ ಲಿವರ್ರೇ ಇದನ್ನ ಮಾಡ್ತಾ ಇದೆ, ಅದು ಅಪ್ಪನ ಕಡೆಯಿಂದ ಬಂದಿರಬಹುದು. ಸಣ್ಣ ಇದೀನಿ ಅಂತ ಧೈರ್ಯ ಬೇಡ. ಮಾತ್ರೆ ಶುರು ಮಾಡಣ. ಯಾವ ಹೊತ್ತಾದ್ರೂ ಸರಿ, ದಿನಾ ಒಂದೇ ಹೊತ್ತಿಗೆ. ಮೂರು ತಿಂಗಳಾದ್ಮೇಲೆ ಮತ್ತೆ ರಕ್ತ ನೋಡ್ತೀನಿ."

ಅಪ್ಪನಿಂದ ನನಗೆ ಬಂದದ್ದು ಉದ್ದ ಮೂಗು ಮತ್ತು ಲೆಕ್ಕದ ಮೇಲಿನ ಆಸೆ ಎಂದುಕೊಂಡಿದ್ದೆ. ಇದೂ ಜೊತೆಗೆ ಬಂದಿತ್ತು. ಹೊರಗೆ ಬಂದವಳೇ ನಮ್ಮವರಿಗೆ ಹೇಳಿದೆ, "ಅಮ್ಮಂಗೆ ಮಾತ್ರ ಹೇಳ್ಬೇಡಿ." ಆ ಹೆಂಗಸಿನ ಮಾತು ಮೂವತ್ತು ವರ್ಷದ ಮೇಲೆ ಮತ್ತೆ ಅಮ್ಮನ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು. ಗಂಡನಾಯಿತು, ಈಗ ಮಗಳು ಎಂದು ಅವಳು ಅಂದುಕೊಂಡರೆ?

ಸುದ್ದಿ ಗುಬ್ಬಿಗೆ ಹೋಗದಿದ್ದರೂ ಕುಣಿಗಲ್ಲಿಗೆ ಹೋಯಿತು. ಕುಣಿಗಲ್ಲಿನಲ್ಲಿರುವ ಸುಮಕ್ಕ ನಮ್ಮವರ ಅಕ್ಕ. ಅವರಿಗೆ ಗೊತ್ತಿಲ್ಲದ ಕಾಯಿಲೆಯೂ ಇಲ್ಲ, ಔಷಧಿಯೂ ಇಲ್ಲ. ಒಂದು ಭಾನುವಾರ ಹೋದರೆ, ಕೆರೆ ಕಾಣುವ ಕಿಟಕಿಯ ಪಕ್ಕ ಕೂರಿಸಿಕೊಂಡು ಶುರು ಮಾಡಿದರು.

"ಮಾತ್ರೆ ಯಾಕೆ ಹಿಡಿದೆ? ಅದನ್ನ ಹಿಡಿಯೋದು ನಾವು, ಆಮೇಲೆ ಬಿಡದೆ ಇರೋದು ಅದು. ಅಗಸೆ ಬೀಜ ಜಾಸ್ತಿ ತಿನ್ನು. ಇಲ್ಲಿ ಫಾರಂನಲ್ಲಿ ಸಾಕೋ ರೇಸ್ ಕುದುರೆಗಳಿಗೆ ಅದನ್ನೇ ಹಾಕ್ತಾರಂತೆ. ಮೈ ಹೊಳಪು ನೋಡಿದೀಯಾ? ಒಂದು ಕುದುರೆಗಾದ್ರೂ ಹಾರ್ಟ್ ಅಟ್ಯಾಕ್ ಆಗಿರೋದು ಕೇಳಿದೀಯಾ?"

"ಅವು ದಿನಾ ಓಡ್ತವೆ ಸುಮಕ್ಕ."

"ನೀನೂ ಓಡು. ಯಾರು ಬೇಡ ಅಂದ್ರು?"

ಎಂದವರೇ ಒಳಗಿನಿಂದ ಒಂದು ಬಾಟಲಿ ತಂದು ನನ್ನ ಮಡಿಲಿಗೆ ಹಾಕಿದರು. ಜೇನಿನ ಬಣ್ಣದ ಕ್ಯಾಪ್ಸೂಲುಗಳು, ಬೆಳಕಿಗೆ ಹಿಡಿದರೆ ಆಚೆ ಬದಿಯ ಕೆರೆ ಕಾಣುವಷ್ಟು ತಿಳಿ. ಸಣ್ಣ ಅಕ್ಷರ ಕಂಡರೆ ಓದದೆ ಬಿಡಬಾರದು ಎನ್ನುವುದು ಕಾನ್ವೆಂಟಿನಲ್ಲಿ ಅಂಟಿದ ಇನ್ನೊಂದು ಚಟ. ಓದಿದೆ. ಮೀನೆಣ್ಣೆ! ಸುಮಕ್ಕ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು, ದಿನಕ್ಕೆರಡು ಹೊತ್ತು ಪೂಜೆ ಮಾಡುವವರು. ಹೇಳಲೋ ಬೇಡವೋ ಎಂದು ತಳಮಳಿಸಿ, ಕೊನೆಗೆ ಅವರ ಕಿವಿಯ ಹತ್ತಿರ ಬಾಗಿ, "ಸುಮಕ್ಕ, ಇದು ಮೀನಿಂದು" ಅಂದೆ.

ಸುಮಕ್ಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಗೊತ್ತು ಕಣೇ. ಮಂಡಿನೋವು ಕಮ್ಮಿಯಾದಂಗೈತೆ. ಪೂಜೆ ಮುಗಿದ ಮೇಲೇ ತಗೊಳ್ಳೋದು. ಶಿವ ಎಲ್ಲ ನೋಡ್ಕೊಂಡು ಸುಮ್ನಿರೋವಾಗ ನೀನು ನಮ್ಮ ಯಜಮಾನ್ರಿಗೆ ಹೇಳ್ಬೇಡ ಅಷ್ಟೆ."

ಆ ಬಾಟಲಿಯನ್ನು ನಾನು ಮುಟ್ಟಲಿಲ್ಲ. ಡಾಕ್ಟರಮ್ಮನನ್ನು ಕೇಳಿದಾಗ, ನಿಮ್ಮ ತೊಂದರೆಗೆ ಅದು ಮಾತ್ರೆಯ ಬದಲಿಗೆ ಆಗುವುದಿಲ್ಲ ಎಂದರು. ಅಗಸೆ ಬೀಜ ತಿನ್ನಿ, ಬೇಡ ಅನ್ನಲ್ಲ, ಅದು ಊಟ, ಔಷಧಿ ಅಲ್ಲ ಎಂದರು. ಆದರೂ ಸುಮಕ್ಕನ ಒಂದು ಮಾತು ಮಾತ್ರ ಒಳಗೆ ಎಲ್ಲೋ ಕೂತುಬಿಟ್ಟಿತು. ಹಿಡಿಯೋದು ನಾವು, ಬಿಡದೆ ಇರೋದು ಅದು.

ಮೂರು ತಿಂಗಳು ಚಾಚೂ ತಪ್ಪದೆ ಮಾತ್ರೆ ನುಂಗಿದೆ, ಅಮಾನಿಕೆರೆ ಸುತ್ತಿದೆ, ಗಸಿಯ ಬಾಣಲೆಗೆ ಕಣ್ಣು ಮುಚ್ಚಿಕೊಂಡು ನೀರು ಬಿಟ್ಟೆ. ರಿಪೋರ್ಟು ಬಂತು. ಒಂದೇ ಒಂದು ದಪ್ಪ ಅಕ್ಷರವಿಲ್ಲ. ಡಾಕ್ಟರಮ್ಮ "ಹೀಗೇ ಮುಂದುವರಿಸಿ" ಎಂದರು. ನಾನು ಕೇಳಿಸಿಕೊಂಡದ್ದು "ಗೆದ್ದಿರಿ" ಎಂದು. ಮರುದಿನ ಮಾತ್ರೆ ನಿಲ್ಲಿಸಿಬಿಟ್ಟೆ. ಜ್ವರ ಬಿಟ್ಟ ಮೇಲೆ ಜ್ವರದ ಮಾತ್ರೆ ಯಾಕೆ? ಇಷ್ಟು ನಡೆದಿದ್ದೇನೆ, ಇಷ್ಟು ಬಾಯಿ ಕಟ್ಟಿದ್ದೇನೆ, ಎಲ್ಲ ಪುಣ್ಯ ಅಷ್ಟು ಚಿಕ್ಕ ಮಾತ್ರೆಗೆ ಹೋಗಬೇಕಾ? ಉಳಿದ ಮಾತ್ರೆಗಳನ್ನು ಹೊಲಿಗೆ ಡಬ್ಬಿಯೊಳಗೆ ಗುಂಡಿಗಳ ಕೆಳಗಿಟ್ಟೆ. ನಮ್ಮವರಿಗೆ ಹೇಳಲಿಲ್ಲ. ಹೇಳದೆ ಇದ್ದೆ ಎಂಬುದರಲ್ಲೇ ನನಗೆ ಉತ್ತರ ಗೊತ್ತಿತ್ತು ಅನ್ನಿ.

ಐದು ವಾರ ಹೀಗೆ ಕಳೆಯಿತು. ಹೋದ ತಿಂಗಳು ಗುಬ್ಬಿಗೆ ಹೋದೆ. ಅಮ್ಮ ಮಂಜುವಿನ ಮನೆಯಲ್ಲಿದ್ದಾಳೆ. ಅವನೂ ಹೆಂಡತಿಯೂ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆ ಅಮ್ಮನದೇ. ನಾನು ಹೋಗುವ ಹೊತ್ತಿಗೆ ಬೆಣ್ಣೆ ಒಲೆಯ ಮೇಲಿತ್ತು. ಎಪ್ಪತ್ತೆಂಟರ ಅಮ್ಮ ಈಗ ಕುರ್ಚಿ ಹಾಕಿಕೊಂಡು ಕೂತು ಕಾಯಿಸುತ್ತಾಳೆ. ಕಣ್ಣು ಮಂಜಾಗಿದೆ, ಸದ್ದಿನ ಮೇಲೆ ಹದ ಹೇಳುತ್ತಾಳೆ. ತುಪ್ಪ ಬಗ್ಗಿಸಿದಳು. ಹುರಿಹಿಟ್ಟು ಹಾಕಿದಳು, ಬೆಲ್ಲ ಹಾಕಿದಳು, ಬೆರಳು ಸುಟ್ಟರೂ ಲೆಕ್ಕಿಸದೆ ಉಂಡೆ ಕಟ್ಟಿದಳು. ಈ ಸಲ ಅದು ಅಡಿಕೆಯಷ್ಟು ಪುಟ್ಟದಿತ್ತು. ನನ್ನ ಅಂಗೈ ಮೇಲಿಟ್ಟು ಕೇಳಿದಳು:

"ಎಷ್ಟು ಬಂದಿತ್ತು ನಿಂಗೆ?"

"ಏನಮ್ಮ?"

"ಅದೇ, ಕೊಬ್ಬು. ನಿನ್ ಗಂಡ ಫೋನ್ ಮಾಡಿದ್ರು. ಶೈಲಂಗೆ ಹೇಳ್ಬೇಡಿ ಅತ್ತೆ, ತುಪ್ಪ ಸ್ವಲ್ಪ ಕಮ್ಮಿ ಕಳ್ಸಿ ಅಂದ್ರು. ಅದಕ್ಕೇ ಬಾಟ್ಲಿ ಸಣ್ಣದು ಮಾಡ್ದೆ. ನೀನು ನೋಡೂ ಇಲ್ಲ."

ನೋಡಿರಲಿಲ್ಲ. ಇನ್ನೊಬ್ಬರ ಬಾಟಲಿಯ ಸಣ್ಣ ಅಕ್ಷರವೆಲ್ಲ ಓದುವ ನನಗೆ, ನನ್ನ ಮನೆಗೇ ಬರುವ ಬಾಟಲಿ ಚಿಕ್ಕದಾದದ್ದು ಕಂಡಿರಲಿಲ್ಲ.

"ಮಾತ್ರೆ ನುಂಗ್ತಿದೀಯಾ?"

"ಹ್ಞೂಂ" ಅಂದೆ.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಿಮ್ಮಪ್ಪಂಗೂ ಕೊಟ್ಟಿದ್ರು. ಆ ವರ್ಷ ಯುಗಾದಿ ಮುಂಚೆ ಎದೆ ಹಿಡ್ಕೊಂಡಂಗಾಗಿ ತುಮಕೂರಿಗೆ ಹೋಗಿ ತೋರಿಸ್ಕಂಡು ಬಂದ್ರು. ಬಿ.ಪಿ. ಐತೆ, ರಕ್ತದಲ್ಲಿ ಕೊಬ್ಬು ಐತೆ ಅಂತ ಮಾತ್ರೆ ಬರ್ಕೊಟ್ಟಿದ್ರು. ಒಂದು ತಿಂಗಳು ನುಂಗಿದ್ರು. ದಿನಾ ಕೇಳ್ತಿದ್ದೆ, ನುಂಗಿದ್ರಾ ಅಂತ. ಹ್ಞೂಂ ಅನ್ನೋರು, ಈಗ ನೀನಂದೆಯಲ್ಲ, ಹಂಗೇ. ಹೋದ್ಮೇಲೆ ಅವ್ರ ಕನ್ನಡಕದ ಡಬ್ಬಿ ತೆಗೆದ್ರೆ ಎರಡನೇ ತಿಂಗಳ ಮಾತ್ರೆ ಹಂಗಂಗೇ ಇತ್ತು. ಎರಡೇ ಖಾಲಿಯಾಗಿದ್ದಿದ್ದು."

ನನ್ನ ಅಂಗೈಯಲ್ಲಿದ್ದ ಉಂಡೆ ಬಿಸಿ ಆರುತ್ತಿತ್ತು. "ಮತ್ತೆ ಆ ಹೆಂಗಸ್ರೆಲ್ಲ ತುಪ್ಪ ತುಪ್ಪ ಅಂದಾಗ ನೀನ್ಯಾಕೆ ಹೇಳ್ಲಿಲ್ಲ?" ಅಂದೆ.

"ಏನಂತ ಹೇಳ್ಲಿ? ಇವ್ರೇ ಮಾತ್ರೆ ಬಿಟ್ರು ಅಂತಲಾ? ಮೇಷ್ಟ್ರು, ಊರಿಗೆಲ್ಲ ಬುದ್ಧಿ ಹೇಳ್ತಿದ್ದೋರು. ಅಂದ್ಕಳ್ಳೋರು ನನ್ನೇ ಅಂದ್ಕಳ್ಳಲಿ ಬುಡು ಅಂತ ಸುಮ್ನಾದೆ. ನಂಗೇನು, ಕಿವಿ ಐತೆ, ಕೇಳ್ತದೆ."

ಮೂವತ್ತು ವರ್ಷ ಒಂದು ಮಾತನ್ನು ಹೀಗೆ ಹೊತ್ತುಕೊಂಡು ತಿಂಗಳು ತಿಂಗಳು ಬೆಣ್ಣೆ ಕಾಯಿಸಿದವಳ ಮುಂದೆ ನನ್ನ "ಹ್ಞೂಂ" ಎಷ್ಟು ಹೊತ್ತು ನಿಲ್ಲುತ್ತದೆ? ಅಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟೆ. "ಅಮ್ಮ, ನಾನೂ ಬಿಟ್ಟಿದೀನಿ. ಐದು ವಾರ ಆಯ್ತು."

ಬೈಯುತ್ತಾಳೆ ಎಂದುಕೊಂಡೆ. ಅಳುತ್ತಾಳೇನೋ ಎಂದೂ ಹೆದರಿದೆ. ಅಮ್ಮ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಎರಡು ಸೀರೆ, ಒಂದು ಟವೆಲ್ಲು.

"ಎಲ್ಲಿಗಮ್ಮ?"

"ನಿಮ್ಮನೆಗೆ."

ಮಗಳ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿಯಬಾರದು ಎಂಬುದು ಅಮ್ಮನ ಕಟ್ಟಳೆ. ನನ್ನ ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಅದನ್ನು ಮುರಿದವಳಲ್ಲ. "ಎಷ್ಟು ದಿನ ಇರ್ತೀಯಾ?" ಎಂದರೆ, "ನೀನು ಸುಳ್ಳು ಹೇಳೋದು ಬಿಡೋ ತನಕ" ಎಂದಳು. ಮಂಜುಗೆ ಫೋನ್ ಮಾಡಿ, ಸಂಜೆಯ ರೈಲು ಹಿಡಿದೆವು.

ಮರುದಿನ ಡಾಕ್ಟರಮ್ಮನ ಮುಂದೆ ನನ್ನ ಬದಲು ಅಮ್ಮನೇ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. "ತುಂಬಾ ಜನ ಹೀಗೇ ಮಾಡ್ತಾರೆ ಅಜ್ಜಿ. ಮಾತ್ರೆಯಿಂದ ಸರಿಯಾಗಿದ್ದನ್ನ ನೋಡಿ ಮಾತ್ರೆನೇ ಬೇಡ ಅಂದ್ಕೋತಾರೆ. ತೊಂದರೆ ಅನ್ಸಿದ್ರೆ ನನ್ ಹತ್ರ ಬರ್ಲಿ, ತಾವಾಗೇ ಬಿಡೋದು ಬೇಡ" ಎಂದು ಹೇಳಿ ಮತ್ತೆ ರಕ್ತ ತೆಗೆಸಿದರು. ಅಂಕಿ ಮತ್ತೆ ದಪ್ಪಗಾಗಿತ್ತು. ಮಾತ್ರೆ ಮತ್ತೆ ಶುರುವಾಯಿತು.

ಹೊತ್ತನ್ನು ಗೊತ್ತು ಮಾಡಿದವಳು ಅಮ್ಮ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ. ನಮ್ಮವರು ಆಗಷ್ಟೇ ಕೆಲಸದಿಂದ ಬಂದು ಶೂ ಬಿಚ್ಚುತ್ತಿರುತ್ತಾರೆ. ಅಮ್ಮ ಲೋಟದಲ್ಲಿ ನೀರು ಹಿಡಿದು ನಿಲ್ಲುತ್ತಾಳೆ, ಮಾತ್ರೆಯನ್ನು ತಾನೇ ಒತ್ತಿ ತೆಗೆದು ನನ್ನ ಕೈಗೆ ಹಾಕುತ್ತಾಳೆ. ನಾನು ನುಂಗುತ್ತೇನೆ. ಅಲ್ಲಿಗೆ ಮುಗಿಯಿತು ಎಂದುಕೊಂಡು ಮೊದಲ ದಿನ ಹೊರಟೆ. ಅಮ್ಮ ಬಿಡಲಿಲ್ಲ. ನನ್ನ ಗಲ್ಲ ಹಿಡಿದು ದೀಪದ ಕಡೆಗೆ ತಿರುಗಿಸಿ, ಮಂಜಾದ ಕಣ್ಣನ್ನು ಹತ್ತಿರ ತಂದಳು.

"ಬಾಯಿ ತೆಗಿ, ನೋಡಣ."

"ಅಮ್ಮ, ಅವ್ರು ನೋಡ್ತವ್ರೆ."

"ನೋಡ್ಲಿ. ನಾಲಿಗೆ ಎತ್ತು."

ಎತ್ತಿದೆ.